ರಂಗೂನಿನ ಬಳ್ಳಿ, ಮಧುಮಾಲತಿಯ ಹೆಸರು

ದೂರದರ್ಶನಕ್ಕೆ ಕಣ್ಣುಂಟು, ಕಿವಿಯುಂಟು. ಮೂಗು ಮಾತ್ರ ಇಲ್ಲ. ಬೀದರ್ ಕುರಿತು ಕಾರ್ಯಕ್ರಮ ಮಾಡಹೊರಟ ಯಾವ ನಿರ್ಮಾಪಕನಿಗೂ ಈ ಕೊರತೆ ಬೇಗನೆ ಅರಿವಿಗೆ ಬರುತ್ತದೆ. ಕೋಟೆಯ ಗೋಡೆಯನ್ನು ತೋರಿಸಬಹುದು, ಮಹಮೂದ್ ಗವಾನನ ಮದರಸದ ಬಣ್ಣದ ಹೆಂಚುಗಳನ್ನು ಹತ್ತಿರದಿಂದ ತೋರಿಸಬಹುದು, ಅಷ್ಟೂರಿನ ಗೋರಿಗಳ ಹಿಂದೆ ಸೂರ್ಯ ಇಳಿಯುವುದನ್ನೂ ತೋರಿಸಬಹುದು. ಆದರೆ ಈ ಕಟ್ಟಡಗಳನ್ನು ಕಟ್ಟಿಸಿದವರು ಬದುಕಿದ್ದು ಪರಿಮಳದ ನಡುವೆ. ತೋಟ, ಕೊಳ, ಅತ್ತರು, ಧೂಪ, ಹೂಮಾಲೆ ಇವೆಲ್ಲ ಅವರ ದಿನಚರಿಯಲ್ಲಿ ಊಟ ಉಡುಪುಗಳಷ್ಟೇ ಮುಖ್ಯವಾಗಿದ್ದವು. ಕಲ್ಲು ಉಳಿಯಿತು, ಪರಿಮಳ ಹಾರಿಹೋಯಿತು.

ಹಾಗಾದರೆ ಪರಿಮಳಕ್ಕೆ ಇತಿಹಾಸವೆಂಬುದು ಇದೆಯೇ? ಇದ್ದರೆ ಅದನ್ನು ಎಲ್ಲಿ ಹುಡುಕಬೇಕು? ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಮನೆಯ ಮುಂದೆ ಬೆಳೆಯುವ ಒಂದು ಸಾಧಾರಣ ಬಳ್ಳಿಯ ಎಳೆ ಹಿಡಿದು ಈ ಪ್ರಶ್ನೆಯ ಬೆನ್ನು ಹತ್ತೋಣ, ಬನ್ನಿ.

ಈ ಬಳ್ಳಿ ನಿಮಗೆ ಗೊತ್ತಿರುವುದೇ. ಗೇಟಿನ ಕಮಾನಿನ ಮೇಲೆ ಹಬ್ಬಿ, ಮಾಳಿಗೆಯ ಕಟಾಂಜನ ದಾಟಿ, ಪಕ್ಕದ ವಿದ್ಯುತ್ ಕಂಬಕ್ಕೂ ಕೈಚಾಚುವ ಗಟ್ಟಿ ಬಳ್ಳಿ. ಗೊಂಚಲು ಗೊಂಚಲಾಗಿ ಹೂ ಜೋಲುತ್ತದೆ. ಒಂದೊಂದು ಹೂವಿಗೂ ಎರಡು ಮೂರು ಅಂಗುಲದ ಸಪೂರ ಕೊಳವೆ, ತುದಿಯಲ್ಲಿ ಐದು ಎಸಳು. ಸಂಜೆ ಅರಳುವಾಗ ಬಿಳಿ, ಮರುದಿನ ಗುಲಾಬಿ, ಅದರ ಮರುದಿನ ಕಡುಗೆಂಪು. ಆದ್ದರಿಂದ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಒಟ್ಟಿಗೆ ಕಾಣುತ್ತವೆ. ದೀಪ ಹಚ್ಚುವ ಹೊತ್ತಿಗೆ ಅದರ ವಾಸನೆ ಬೀದಿಗೆ ಇಳಿಯುತ್ತದೆ. ಸಿಹಿಯಾದ, ಸ್ವಲ್ಪ ಹಣ್ಣಿನಂಥ, ಮಲ್ಲಿಗೆಗಿಂತ ಹಗುರವಾದ ಪರಿಮಳ ಅದು.

ಇದರ ಹೆಸರೇನು ಎಂದು ಕೇಳಿ ನೋಡಿ. ಮರಾಠಿ ಮಾತಾಡುವ ಮನೆಯವರು ಮಧುಮಾಲತಿ ಎನ್ನುತ್ತಾರೆ. ಉರ್ದು ಮಾತಾಡುವವರಿಗೆ ಇದು ರಂಗೂನ್ ಕೀ ಬೇಲ್. ತೆಲುಗರಿಗೆ ರಾಧಾಮನೋಹರಂ. ಕನ್ನಡದಲ್ಲಿ ರಂಗೂನ್ ಮಲ್ಲಿಗೆ ಎಂದೂ ಕೆಂಪು ಮಲ್ಲಿಗೆ ಎಂದೂ ಕರೆಯುವುದುಂಟು. ನಾಲ್ಕು ಭಾಷೆ ಒಂದೇ ಓಣಿಯಲ್ಲಿ ಸೇರುವ ಬೀದರ್ ಜಿಲ್ಲೆಯಲ್ಲಿ ಇದು ವಿಶೇಷವಲ್ಲ ಎಂದು ನೀವು ಹೇಳಬಹುದು. ಆದರೆ ಈ ಹೆಸರುಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. ಒಂದು ಹೆಸರು ಊರಿನಿಂದ ಎರವಲು ತಂದದ್ದು, ಇನ್ನೊಂದು ಮಲ್ಲಿಗೆಯಿಂದ, ಮತ್ತೊಂದು ಮಾಲತಿಯಿಂದ, ಕೊನೆಯದು ರಾಧೆಯಿಂದ. ಬಳ್ಳಿಗೆ ತನ್ನದೇ ಎನ್ನುವ ಹೆಸರು ನಾಲ್ಕು ಭಾಷೆಗಳಲ್ಲಿ ಒಂದರಲ್ಲೂ ಇಲ್ಲ. ನನ್ನ ಮಟ್ಟಿಗೆ ಇದೇ ಮೊದಲ ಸುಳಿವು.

ಹಳೆಯ ಕೋಟೆಯ ಊರಿನಲ್ಲಿ ಬೆಳೆಯುವ ಪ್ರತಿಯೊಂದು ಪರಿಮಳದ ಗಿಡವನ್ನೂ ಸುಲ್ತಾನರ ಕಾಲಕ್ಕೆ ಒಯ್ದು ಕಟ್ಟುವುದು ನಮಗೆಲ್ಲ ಪ್ರಿಯವಾದ ಅಭ್ಯಾಸ. ಮಧುಮಾಲತಿ ಎಂಬ ಹೆಸರಂತೂ ಕೇಳಿದೊಡನೆ ಪ್ರಾಚೀನವೆನಿಸುತ್ತದೆ. ಹೆಸರು ನಿಜಕ್ಕೂ ಹಳೆಯದೇ. ಬಳ್ಳಿಯ ಮಾತು ಬೇರೆ. ಎರಡರ ಹಿಂದೆಯೂ ಪ್ರತ್ಯೇಕವಾಗಿ ಹೋಗಬೇಕು.

ಮೊದಲು ಪರಿಮಳದ ಹಳೆಯ ದಾಖಲೆ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಭಾಲ್ಕಿಗೆ ನೈಋತ್ಯದಲ್ಲಿ, ಇದೇ ಜಿಲ್ಲೆಯಲ್ಲಿ, ಇಂದು ಬಸವಕಲ್ಯಾಣವೆಂದು ಕರೆಯುವ ಊರು ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1129ರ ಸುಮಾರಿಗೆ ಸಿದ್ಧವಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ರಾಜನಾದವನು ತಿಳಿಯಬೇಕಾದ, ಅನುಭವಿಸಬೇಕಾದ ಸಂಗತಿಗಳನ್ನು ಇಪ್ಪತ್ತಿಪ್ಪತ್ತರ ಐದು ಭಾಗ ಮಾಡಿ ಒಟ್ಟು ನೂರು ಅಧ್ಯಾಯಗಳಲ್ಲಿ ಹೇಳುವ ವಿಶ್ವಕೋಶ ಅದು. ಅದರಲ್ಲಿ ಸ್ನಾನಕ್ಕೆ, ಲೇಪನಕ್ಕೆ, ಮಾಲೆಗೆ, ಧೂಪಕ್ಕೆ ಬೇರೆ ಬೇರೆ ಪ್ರಕರಣಗಳಿವೆ. ಸ್ನಾನಕ್ಕೆ ಮುಂಚೆ ರಾಜನ ಮೈಗೆ ಹಚ್ಚುವ ಎಣ್ಣೆಯನ್ನು ತಯಾರಿಸುವ ಕ್ರಮ ಗಮನಿಸತಕ್ಕದ್ದು. ಎಳ್ಳಿಗೆ ಹೂವಿನ ವಾಸನೆ ಹಿಡಿಸಿ, ಆಮೇಲೆ ಅದರಿಂದ ಎಣ್ಣೆ ತೆಗೆಯುವ ಪದ್ಧತಿ.

ಇದರ ಹಿಂದಿರುವ ವಿಜ್ಞಾನವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪರಿಮಳವೆಂದರೆ ಹೂವಿನಿಂದ ಆವಿಯಾಗಿ ಹೊರಡುವ ಸಣ್ಣ ಸಣ್ಣ ಅಣುಗಳು. ಅವು ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಬೆರೆಯುತ್ತವೆ. ಎಳ್ಳು ಜಿಡ್ಡಿನ ಗಣಿ. ಮಲ್ಲಿಗೆ, ಜಾಜಿಯಂಥ ಹೂಗಳು ಗಿಡದಿಂದ ಕೊಯ್ದ ಮೇಲೂ ಹಲವು ಗಂಟೆ ಪರಿಮಳವನ್ನು ತಯಾರಿಸುತ್ತಲೇ ಇರುತ್ತವೆ. ಕಾಯಿಸಿದರೆ ಕೆಡುವ ಈ ಪರಿಮಳವನ್ನು ಎಳ್ಳು ಸುಮ್ಮನೆ ಕುಳಿತು ಹೀರಿಕೊಳ್ಳುತ್ತದೆ. ಹಳಸಿದ ಹೂವನ್ನು ತೆಗೆದು ಹೊಸ ಹೂ ಹಾಕುತ್ತಾ ಹೋದಂತೆ ವಾಸನೆ ಗಟ್ಟಿಯಾಗುತ್ತದೆ. ಆವಿಯಾಗಿ ಹೋಗುವ ವಸ್ತುವನ್ನು ಹಿಡಿದಿಡುವ ಈ ಉಪಾಯ ಕಲ್ಯಾಣದ ಅರಮನೆಗೆ ಗೊತ್ತಿತ್ತು. ಫ್ರಾನ್ಸಿನ ಗ್ರಾಸ್ ಪಟ್ಟಣದವರು ಬಹಳ ಕಾಲದ ನಂತರ ಮಲ್ಲಿಗೆಯನ್ನು ಕೊಬ್ಬಿನ ಹಲಗೆಗಳ ಮೇಲೆ ಹರಡಿ ಮಾಡಿದ್ದೂ ತತ್ತ್ವದಲ್ಲಿ ಇದನ್ನೇ.

ಬಹಮನಿ ಸುಲ್ತಾನ ಅಹ್ಮದ್ ಷಾ 1422ರಲ್ಲಿ ಪಟ್ಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ಬದಲಾಯಿಸಿದ. ಕೋಟೆಯ ಕೆಲಸ 1432ರ ಹೊತ್ತಿಗೆ ಮುಗಿಯಿತು. ಅಂದರೆ ಮಾನಸೋಲ್ಲಾಸಕ್ಕೂ ಬೀದರ್ ಕೋಟೆಗೂ ನಡುವೆ ಮುನ್ನೂರು ವರ್ಷಗಳ ಅಂತರ. ದೂರ ಮಾತ್ರ ಒಂದೆರಡು ದಿನದ ಕುದುರೆ ಪ್ರಯಾಣ. ಪರಿಮಳದ ತಿಳಿವಳಿಕೆ ಪರ್ಷಿಯಾದಿಂದ ಬಂದವರೊಂದಿಗೆ ಬೀದರಿಗೆ ಬಂತು ಎಂದು ಹೇಳುವವರು ಈ ಅಂತರವನ್ನೂ ಈ ಸಾಮೀಪ್ಯವನ್ನೂ ಒಟ್ಟಿಗೆ ನೋಡಬೇಕು. ಹೊಸಬರು ಬಂದದ್ದು ಬರಿಯ ನೆಲಕ್ಕಲ್ಲ, ಆಗಲೇ ಘಮಘಮಿಸುತ್ತಿದ್ದ ನಾಡಿಗೆ.

ಹೊಸಬರು ತಂದದ್ದೂ ಸಣ್ಣದಲ್ಲ. ಅಹ್ಮದ್ ಷಾ ಇರಾನಿನ ಕಿರ್ಮಾನಿನ ಸೂಫಿ ಷಾ ನಿಯಾಮತುಲ್ಲಾನ ಮನೆತನವನ್ನು ಬೀದರಿಗೆ ಆಹ್ವಾನಿಸಿದ. ಅವನ ಮಗ ಖಲೀಲುಲ್ಲಾನ ಚೌಖಂಡಿ ಇಂದಿಗೂ ಅಷ್ಟೂರಿನ ದಾರಿಯಲ್ಲಿ ನಿಂತಿದೆ. ಹೀಗೆ ಬಂದವರೊಂದಿಗೆ ತೋಟವನ್ನು ಸ್ವರ್ಗದ ನಕ್ಷೆಯೆಂದು ಕಾಣುವ ಕಲ್ಪನೆ ಬಂತು. ಆದರೆ ತೋಟಕ್ಕೆ ಮೊದಲು ನೀರು ಬೇಕಲ್ಲ! ಬೀದರ್ ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ಬಯಲಿನ ಮೇಲೆ. ಮಳೆನೀರು ಮುರಕಲ್ಲಿನೊಳಗೆ ಇಳಿದುಹೋಗುತ್ತದೆ. ಆ ನೀರನ್ನು ನೆಲದೊಳಗಿನ ಸುರಂಗದಲ್ಲಿ ಹರಿಸಿ ತರುವ ವಿದ್ಯೆಯೂ ಇರಾನಿನ ಕಡೆಯದೇ. ನೌಬಾದಿನ ಸುರಂಗ ಬಾವಿ ಎರಡು ಕಿಲೋಮೀಟರಿಗೂ ಉದ್ದ ಇದೆ. ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಹತ್ತಿರ ಲಾಲ್ ಬಾಗ್ ಎಂಬ ತೋಟದ ನೆಲವನ್ನೂ ಅದರ ನೀರಿನ ಕೊಳವನ್ನೂ ಈಗಲೂ ನೋಡಬಹುದು.

ಆ ತೋಟದಲ್ಲಿ ಏನೇನು ಬೆಳೆಯುತ್ತಿತ್ತು? ವಿಜ್ಞಾನದ ಪದವೀಧರನಾದ ನನಗೆ ಮೊದಲು ಹೊಳೆಯುವುದು ಪರಾಗ. ಮಣ್ಣಿನಲ್ಲಿ ಪರಾಗ ಸಾವಿರಾರು ವರ್ಷ ಕೆಡದೆ ಉಳಿಯಬಲ್ಲದು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಿಂದೆ ಇದ್ದ ಗಿಡಗಳನ್ನು ಗುರುತಿಸುವ ಶಾಸ್ತ್ರವೇ ಇದೆ. ಆದರೆ ಇಲ್ಲೊಂದು ತೊಡಕು. ಗಾಳಿಯನ್ನು ನಂಬಿದ ಹುಲ್ಲು, ಜೋಳದಂಥ ಗಿಡಗಳು ರಾಶಿರಾಶಿ ಪರಾಗ ಚೆಲ್ಲುತ್ತವೆ. ಪರಿಮಳದ ಹೂಗಳು ಕೀಟವನ್ನು ನಂಬಿದವು. ಅವು ಬಲು ಜಿಪುಣ. ಪರಿಮಳ ಹೆಚ್ಚಿದ್ದಷ್ಟೂ ಮಣ್ಣಿನಲ್ಲಿ ಉಳಿಯುವ ಸಾಕ್ಷಿ ಕಡಿಮೆ ಎಂದರೂ ನಡೆದೀತು.

ಕಲ್ಲಿನ ಸಾಕ್ಷಿಯೂ ಹೆಚ್ಚು ನೆರವಿಗೆ ಬಾರದು. 1472ರಲ್ಲಿ ಮುಗಿದ ಮದರಸದ ಹೆಂಚುಗಳಲ್ಲಿ, ಅಲಿ ಬರೀದನ ಕಾಲದ ರಂಗೀನ್ ಮಹಲಿನ ಕರಿಕಲ್ಲಿಗೆ ಕೂಡಿಸಿದ ಮುತ್ತಿನ ಚಿಪ್ಪಿನ ಕೆಲಸದಲ್ಲಿ, ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಷಾನ ಗೋರಿಯೊಳಗಿನ ಬಣ್ಣದ ಚಿತ್ರಗಳಲ್ಲಿ, ಬಿದರಿ ಕಲೆಯ ಬೆಳ್ಳಿಯ ಎಳೆಗಳಲ್ಲಿ ಎಲ್ಲೆಲ್ಲೂ ಬಳ್ಳಿಗಳೇ. ನೋಡಲು ಕಣ್ಣು ಸಾಲದು. ಆದರೆ ಆ ಬಳ್ಳಿಗಳು ಯಾವ ಗಿಡದವೂ ಅಲ್ಲ. ಸುರುಳಿಯಿಂದ ಸುರುಳಿಗೆ ಸಾಗುವ ಕಲ್ಪನೆಯ ಬಳ್ಳಿಗಳು. ಅದರ ಎಲೆ ಹಿಡಿದು ಇದು ಜಾಜಿ, ಇದು ಮಧುಮಾಲತಿ ಎಂದು ಹೆಸರಿಡಲು ಹೊರಟರೆ ಕಲಾಕಾರನಿಗೇ ನಗು ಬಂದೀತು.

ಉಳಿದದ್ದು ಪುಸ್ತಕ. ಬೀದರಿನ ಬರೀದ್ ಷಾಹಿಗಳನ್ನು 1619ರಲ್ಲಿ ಸೋಲಿಸಿ ರಾಜ್ಯವನ್ನು ತನ್ನದಾಗಿಸಿಕೊಂಡವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾ. ಸಂಗೀತದ ಹುಚ್ಚಿನ ಅರಸನೆಂದು ಅವನನ್ನು ನೀವು ಬಲ್ಲಿರಿ. ಅವನಿಗಾಗಿ ನಿಜಾಮುದ್ದೀನ್ ಮಹಮೂದ್ ಎಂಬಾತ ‘ಇತ್ರ್-ಎ-ನೌರಸ್ ಷಾಹಿ’ ಎಂಬ ಸುಗಂಧದ ಕೈಪಿಡಿಯನ್ನೇ ಬರೆದುಕೊಟ್ಟ. ಮೈಗೆ, ಬಟ್ಟೆಗೆ, ಕೋಣೆಗೆ ಪರಿಮಳ ಕೂಡಿಸುವ ವಿಧಾನಗಳ ಪುಸ್ತಕ ಅದು. ದಖ್ಖನಿನ ತೋಟ ಮತ್ತು ಪರಿಮಳದ ಬಗ್ಗೆ ಅಲಿ ಅಕ್ಬರ್ ಹುಸೇನ್ ಅವರು 2000ದಲ್ಲಿ ಹೊರತಂದ ಅಧ್ಯಯನದಿಂದ ಈ ಕೈಪಿಡಿ ಮತ್ತೆ ಓದುಗರ ಗಮನಕ್ಕೆ ಬಂತು. ದಖನಿ ಕಾವ್ಯಗಳ ತೋಟದ ವರ್ಣನೆಗಳನ್ನೂ ಅವರು ಅದೇ ಕೃತಿಯಲ್ಲಿ ಶೋಧಿಸಿದ್ದಾರೆ. ಮಲ್ಲಿಗೆಯ ಕುಲ, ಸಂಪಿಗೆ, ಕೇದಗೆ, ಗುಲಾಬಿ, ಶ್ರೀಗಂಧ, ಅಗರು, ಕಸ್ತೂರಿ, ಇವೇ ಆ ಕಾಲದ ಪರಿಮಳಲೋಕದ ದೊಡ್ಡ ಹೆಸರುಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಯಾಣದ ಸೋಮೇಶ್ವರನಿಗೂ ಪರಿಚಿತವಾಗಿದ್ದವೇ.

ಇನ್ನು ಮಧುಮಾಲತಿಯ ಸರದಿ. ಉತ್ತರದ ಮಂಝನ್ ಎಂಬ ಸೂಫಿ ಕವಿ 1545ರಲ್ಲಿ ಅವಧಿ ಭಾಷೆಯಲ್ಲಿ ‘ಮಧುಮಾಲತಿ’ ಎಂಬ ಪ್ರೇಮಕಾವ್ಯವನ್ನು ಬರೆದ. ಮನೋಹರನೆಂಬ ರಾಜಕುಮಾರ, ಮಧುಮಾಲತಿಯೆಂಬ ರಾಜಕುಮಾರಿ. ಅದೇ ಕಥೆಯನ್ನು ಬಿಜಾಪುರದ ಆಸ್ಥಾನಕವಿ ನುಸ್ರತಿ ದಖನಿಗೆ ತಂದು ‘ಗುಲ್ಶನ್-ಎ-ಇಶ್ಕ್’ ಎಂದು ಹೆಸರಿಟ್ಟ. ಪ್ರೇಮದ ಹೂದೋಟ ಎಂದು ಅದರ ಅರ್ಥ. ಅದು ರಚನೆಯಾದದ್ದು 1657ರಲ್ಲಿ. ಅದೇ ವರ್ಷ ಔರಂಗಜೇಬ ಬೀದರ್ ಕೋಟೆಗೆ ಮುತ್ತಿಗೆ ಹಾಕಿದ. ಇಪ್ಪತ್ತೇಳು ದಿನ ಹೋರಾಡಿದ ಕಿಲ್ಲೇದಾರ ಸಿದ್ದಿ ಮರ್ಜಾನ್ ಮದ್ದಿನ ಸ್ಫೋಟದಲ್ಲಿ ಗಾಯಗೊಂಡು ಸತ್ತ, ಕೋಟೆ ಮೊಗಲರ ಕೈಸೇರಿತು. ಒಂದೆಡೆ ಹೂದೋಟದ ಕಾವ್ಯ, ಇನ್ನೊಂದೆಡೆ ಸಿಡಿಮದ್ದು. ದಖ್ಖನಿನ ಇತಿಹಾಸ ಹೀಗೆಯೇ.

ನೋಡಿ, ಈ ಕಾವ್ಯಗಳಲ್ಲಿ ಮಧುಮಾಲತಿ ಹೆಣ್ಣಿನ ಹೆಸರು. ಆ ಹೆಸರಿನ ಒಳಗಿರುವ ಹೂ ಮಾಲತಿ. ಮಾಲತಿ ಎಂದರೆ ಯಾವುದು? ಅಮರಕೋಶ ಸುಮನಾ, ಮಾಲತೀ, ಜಾತೀ ಎಂಬ ಮೂರು ಪದಗಳನ್ನು ಒಂದೇ ಗಿಡಕ್ಕೆ ಹೇಳುತ್ತದೆ. ಆ ಜಾತಿಯೇ ಕನ್ನಡದ ಜಾಜಿ, ಮರಾಠಿಯ ಜಾಯಿ. ಉರ್ದುವಿನಲ್ಲಿ ಚಮೇಲಿ. ಬಿಳಿಯ, ತೆಳುವಾದ, ಎಸಳಿನ ಬೆನ್ನಿಗೆ ನಸುಗೆಂಪು ಛಾಯೆಯಿರುವ ಹೂ. ಹೀಗಾಗಿ ಕಾವ್ಯದ ಮಧುಮಾಲತಿಯನ್ನು ಯಾರಾದರೂ ಮೂಗಿನಿಂದ ಕಲ್ಪಿಸಿಕೊಂಡಿದ್ದರೆ ಅವರಿಗೆ ಬಂದದ್ದು ಜಾಜಿಯ ವಾಸನೆ. ನಮ್ಮ ಗೇಟಿನ ಮೇಲಿನ ಬಳ್ಳಿಯ ವಾಸನೆ ಅದಲ್ಲ.

ನಮ್ಮ ಬಳ್ಳಿಯ ಕಾಲವನ್ನು ಹಿಡಿಯಲು ಅದರ ಇನ್ನೊಂದು ಹೆಸರು ಹೆಚ್ಚು ಉಪಯುಕ್ತ. ಬರ್ಮಾದ ಅರಸ ಅಲೌಂಗ್‌ಪಾಯ ದಗೋನ್ ಎಂಬ ಊರನ್ನು ಗೆದ್ದು ಅದಕ್ಕೆ ಯಾಂಗೋನ್ ಎಂದು ಹೆಸರಿಟ್ಟದ್ದು 1755ರಲ್ಲಿ. ಇಂಗ್ಲಿಷರ ಬಾಯಲ್ಲಿ ಅದು ರಂಗೂನ್ ಆಯಿತು. ಅಂದಮೇಲೆ ‘ರಂಗೂನ್ ಬಳ್ಳಿ’ ಎಂಬ ಹೆಸರು 1755ಕ್ಕಿಂತ ಹಿಂದೆ ಇರಲು ಸಾಧ್ಯವೇ ಇಲ್ಲ. ಆ ಹೊತ್ತಿಗೆ ಬಹಮನಿಗಳು ಹೋಗಿ ಎರಡು ಶತಮಾನಗಳಾಗಿದ್ದವು, ಬರೀದ್ ಷಾಹಿಗಳು ಹೋಗಿ ನೂರಮೂವತ್ತಾರು ವರ್ಷ. ಬೀದರಿನಲ್ಲಿ ನಿಜಾಮರ ಆಳ್ವಿಕೆ. ಊರಿನ ಹೆಸರನ್ನು ಕಟ್ಟಿಕೊಂಡು ಬಂದ ವಸ್ತು ಹಡಗಿನ, ವ್ಯಾಪಾರದ, ನರ್ಸರಿಯ ವಸ್ತು. ರಂಗೂನ್ ಬಳ್ಳಿ ಇಂಗ್ಲಿಷ್ ಕಾಲದ ಬಂಗಲೆಗಳ ಮುಖಮಂಟಪಗಳಿಗೆ ಒಗ್ಗಿದ ಬಳ್ಳಿ, ಅಲ್ಲಿಂದ ನಮ್ಮ ನಿಮ್ಮ ಮನೆಗಳಿಗೆ ಇಳಿದ ಬಳ್ಳಿ. ಸುಲ್ತಾನರ ತೋಟಕ್ಕೆ ಅದನ್ನು ಸೇರಿಸಲು ನನಗೆ ಮನಸ್ಸಿಲ್ಲ.

ಸಸ್ಯಶಾಸ್ತ್ರದಲ್ಲಿ ಇದರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹದಿನೇಳನೆಯ ಶತಮಾನದಲ್ಲಿ ಡಚ್ ಕಂಪನಿಯ ನೌಕರಿಯಲ್ಲಿ ಇಂಡೊನೇಷ್ಯದ ಅಂಬೋನ್ ದ್ವೀಪದಲ್ಲಿ ನೆಲೆಸಿದ್ದ ಜರ್ಮನ್ ವ್ಯಕ್ತಿ ರಂಫಿಯಸ್. 1670ರಲ್ಲಿ ಅವನ ಕಣ್ಣು ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿಯೂ ಮಗಳೂ ಸತ್ತರು. 1687ರ ಬೆಂಕಿಯಲ್ಲಿ ಅವನ ಗ್ರಂಥದ ಚಿತ್ರಗಳು ಸುಟ್ಟುಹೋದವು. 1692ರಲ್ಲಿ ಹಸ್ತಪ್ರತಿಯನ್ನು ಯುರೋಪಿಗೆ ಒಯ್ಯುತ್ತಿದ್ದ ಹಡಗನ್ನು ಫ್ರೆಂಚರು ಮುಳುಗಿಸಿದರು. ಪುಣ್ಯಕ್ಕೆ ಒಂದು ಪ್ರತಿ ಜಾವಾದಲ್ಲಿ ಉಳಿದಿತ್ತು. ಕುರುಡ ಸಸ್ಯಶಾಸ್ತ್ರಜ್ಞ ಇನ್ನೊಬ್ಬರ ಕೈಯಿಂದ ಬರೆಸುತ್ತಲೇ ಹೋದ. ಪುಸ್ತಕ ಅಚ್ಚಾಗತೊಡಗಿದ್ದು 1741ರಲ್ಲಿ, ಅವನು ಸತ್ತು ಮೂವತ್ತೊಂಬತ್ತು ವರ್ಷಗಳ ನಂತರ.

ಆ ಪುಸ್ತಕದಲ್ಲಿ ನಮ್ಮ ಬಳ್ಳಿ ಇದೆ. ಮಲಯ ಭಾಷೆಯಲ್ಲಿ ಅದರ ಹೆಸರು ಉದಾನಿ. ಡಚ್ ಭಾಷೆಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಕೇಳಿಸುವ ಒಂದು ಪದಕ್ಕೆ ‘ಎಂಥದು?’ ಎಂದು ಅರ್ಥ. ರಂಫಿಯಸ್ ಈ ಶ್ಲೇಷೆಯನ್ನು ಲ್ಯಾಟಿನ್ನಿಗೆ ತಿರುಗಿಸಿ ‘ಕ್ವಿಸ್ ಕ್ವಾಲಿಸ್’, ಅಂದರೆ ‘ಯಾರು? ಎಂಥದು?’ ಎಂದು ಕರೆದ. ಆ ಹೆಸರಿಗೆ ಕಾರಣವೂ ಇತ್ತು. ಈ ಗಿಡ ಮೊದಲು ಬಳ್ಳಿಯಾಗಿರುವುದೇ ಇಲ್ಲ. ಪೊದೆಯಂತೆ ನೆಟ್ಟಗೆ ನಿಲ್ಲುತ್ತದೆ. ಕೆಲವು ತಿಂಗಳ ನಂತರ ಬುಡದಿಂದ ಬೇರೆಯೇ ಸ್ವಭಾವದ ಕುಡಿಯೊಡೆದು ಹಬ್ಬಲು ತೊಡಗುತ್ತದೆ. ಹೂವಿನ ಬಣ್ಣವೂ ದಿನಕ್ಕೊಂದು. ಇದು ಗಿಡವೋ ಬಳ್ಳಿಯೋ, ಬಿಳಿಯೋ ಕೆಂಪೋ ಎಂಬ ಪ್ರಶ್ನೆ ಸಹಜವೇ. ಲಿನೇಯಸ್ 1762ರಲ್ಲಿ ಆ ಪ್ರಶ್ನೆಯನ್ನೇ ಅಧಿಕೃತ ಹೆಸರಾಗಿಸಿದ: ಕ್ವಿಸ್‌ಕ್ವಾಲಿಸ್ ಇಂಡಿಕ. 1998ರಲ್ಲಿ ಅದನ್ನು ಕಾಂಬ್ರೆಟಮ್ ಇಂಡಿಕಮ್ ಎಂದು ಬದಲಾಯಿಸಿದರು. ಹೆಸರಿನ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರೂ ನಮ್ಮ ಓಣಿಯವರಿಗಿಂತ ಸ್ಥಿರಚಿತ್ತರೇನಲ್ಲ.

ಕುಲದಲ್ಲಿ ಇದು ಮಲ್ಲಿಗೆಯ ಹತ್ತಿರಕ್ಕೂ ಬರುವುದಿಲ್ಲ. ಮಲ್ಲಿಗೆ, ಜಾಜಿಗಳದು ಪಾರಿಜಾತದ ಮತ್ತು ಆಲಿವ್ ಮರದ ಕುಟುಂಬ. ರಂಗೂನ್ ಬಳ್ಳಿ ಅಳಲೆ, ತಾರೆ, ಮತ್ತಿ ಮರಗಳ ಸಂಬಂಧಿ. ಅದರ ಕಾಯಿಯನ್ನು ಕೈಯಲ್ಲಿ ಹಿಡಿದರೆ ಐದು ಏಣು ಎದ್ದಿರುವುದು ಕಾಣುತ್ತದೆ. ಮತ್ತಿಯ ಕಾಯಿಯನ್ನು ಬಲ್ಲವರಿಗೆ ಕೂಡಲೇ ಸಂಬಂಧ ತಿಳಿಯುತ್ತದೆ. ಅದರ ಬೀಜವನ್ನು ಚೀನಾದ ಸಾಂಪ್ರದಾಯಿಕ ವೈದ್ಯರು ಮಕ್ಕಳ ಹೊಟ್ಟೆಹುಳಕ್ಕೆ ಕೊಡುತ್ತಿದ್ದರು. ಅದರಲ್ಲಿರುವ ರಾಸಾಯನಿಕಕ್ಕೆ ಕ್ವಿಸ್‌ಕ್ವಾಲಿಕ್ ಆಮ್ಲವೆಂದೇ ಹೆಸರು. ಮೆದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ಬಗೆಯನ್ನು ತಿಳಿಯಲು ಈ ಆಮ್ಲ ಪ್ರಯೋಗಶಾಲೆಗಳಲ್ಲಿ ಬಹಳ ಬಳಕೆಯಾಯಿತು. ಇಷ್ಟು ಹೇಳಿದೆನೆಂದು ಯಾರೂ ಮನೆಯಲ್ಲಿ ಬೀಜ ಅಗಿದು ನೋಡಬೇಡಿ. ಹೆಚ್ಚಾದರೆ ಬಿಕ್ಕಳಿಕೆ, ವಾಂತಿ ಬರುತ್ತದೆ.

ಪರಿಮಳದ ರಸಾಯನವೂ ಬೇರೆ. ಮಲ್ಲಿಗೆಯ ವಾಸನೆಗೆ ಬೆಂಜೈಲ್ ಅಸಿಟೇಟ್ ಎಂಬ ಸಿಹಿ ವಸ್ತುವಿನ ಜೊತೆಗೆ ಇಂಡೋಲ್ ಎಂಬ, ಹೆಚ್ಚಾದರೆ ದುರ್ವಾಸನೆಯೇ ಆಗುವ ವಸ್ತು ಒಂದು ಚೂರು ಸೇರಿ ಆ ಭಾರ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲ್ಲಿಗೆ ತಲೆ ಸುತ್ತಿಸುವುದು ಈ ಭಾರದಿಂದಲೇ ಇರಬೇಕು. ರಂಗೂನ್ ಬಳ್ಳಿಯಲ್ಲಿ ಪ್ರಧಾನವಾದವು ಲಿನಲೂಲ್ ಆಕ್ಸೈಡ್, ಮೀಥೈಲ್ ಬೆಂಜೋಯೇಟ್ ಮುಂತಾದವು. ಅದಕ್ಕೇ ಅದು ಹಗುರ.

ಈ ಪರಿಮಳ ಮನುಷ್ಯರಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಮರೆಯಬಾರದು. ಸಂಜೆ ಬಿಳಿಯಾಗಿ ಅರಳುವ ಹೂ ಕಾಯುವುದು ಉದ್ದ ಸೊಂಡಿಲಿನ ದೊಡ್ಡ ಪತಂಗಗಳನ್ನು. ಕತ್ತಲಲ್ಲಿ ಬಿಳಿ ಕಾಣುತ್ತದೆ, ವಾಸನೆ ದಾರಿ ತೋರಿಸುತ್ತದೆ, ಕೊಳವೆಯ ತಳದ ಮಕರಂದಕ್ಕೆ ಸೊಂಡಿಲು ಮಾತ್ರ ಮುಟ್ಟುತ್ತದೆ. ಬೆಳಗಾದ ಮೇಲೆ ಹೂ ಜೋತು ಬಿದ್ದು ಬಣ್ಣ ಬದಲಿಸಿಕೊಳ್ಳುತ್ತದೆ. ಆಗ ಜೇನುಹುಳು, ಚಿಟ್ಟೆಗಳ ಸರದಿ. ಇಸ್ರೇಲಿನ ಸಸ್ಯವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹಂಚಿಕೆಯನ್ನು ವಿವರಿಸುತ್ತದೆ. ನಮ್ಮ ಕ್ಯಾಮೆರಾಕ್ಕೆ ಹಿಡಿಯಲು ಸಾಧ್ಯವಾಗುವುದು ಕೆಂಪನ್ನು; ಕೆಂಪಾಗುವ ಹೊತ್ತಿಗೆ ವಾಸನೆಯ ಮುಖ್ಯ ಕೆಲಸ ಮುಗಿದಿರುತ್ತದೆ.

ಇಂಥ ಬಳ್ಳಿಗೆ ಮಾಲತಿಯ ಹೆಸರು ಅಂಟಿದ್ದು ಹೇಗೆ? ಹೊಸದಾಗಿ ಬಂದ ಗಿಡ ಹಳೆಯ ಹೆಸರನ್ನು ಉಡುವುದು ನಮ್ಮಲ್ಲಿ ವಾಡಿಕೆ. ಬಂಗಾಳದಲ್ಲಿ ಇದೇ ಬಳ್ಳಿಗೆ ಮಾಧವಿಲತೆ ಎಂಬ ಹೆಸರು ಬಳಕೆಗೆ ಬಂತು. ನಿಜವಾದ ಮಾಧವಿ ಬೇರೆ: ಬಿಳಿ ಎಸಳಿನ ಅಂಚು ಜಾಲರಿಯಂತಿದ್ದು, ಒಂದೇ ಎಸಳಿಗೆ ಹಳದಿ ಬಳಿದಿರುವ, ಮೂರು ರೆಕ್ಕೆಯ ಕಾಯಿ ಬಿಡುವ ನಮ್ಮ ಕಾಡಿನ ಬಳ್ಳಿ ಅದು. ರವೀಂದ್ರನಾಥ ಠಾಕೂರರು ರಂಗೂನ್ ಬಳ್ಳಿಗೆ ಮಧುಮಂಜರಿ ಎಂಬ ಹೊಸ ಹೆಸರನ್ನಿಟ್ಟು ಕವಿತೆಯನ್ನೂ ಬರೆದರು. 1931ರ ‘ವನವಾಣಿ’ ಸಂಕಲನದಲ್ಲಿ ಅದಿದೆ. ಕವಿಗೂ ಈ ಬಳ್ಳಿ ಹೊರಗಿನದೆಂದು ಗೊತ್ತಿತ್ತು. ಅದಕ್ಕೊಂದು ಸ್ವಂತ ಹೆಸರು ಬೇಕೆನಿಸಿತು. ಆದರೆ ಜನ ಕವಿಗಳ ಮಾತು ಕೇಳುವುದು ಅಪರೂಪ. ಮರಾಠಿ, ಹಿಂದಿಗಳಲ್ಲಿ ಮಧುಮಾಲತಿಯೇ ಗಟ್ಟಿಯಾಯಿತು.

ಬೀದರ್ ಜಿಲ್ಲೆಗೆ ಈ ಹೆಸರು ಹೇಗೆ ಹರಡಿತೆಂಬುದನ್ನು ನಕ್ಷೆ ಹೇಳುತ್ತದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹಂಚಿದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಔರಾದ್ ತಾಲ್ಲೂಕಿನ ಒಂದು ಬದಿಗೆ ಮಹಾರಾಷ್ಟ್ರ, ಇನ್ನೊಂದು ಬದಿಗೆ ಇಂದಿನ ತೆಲಂಗಾಣ. ಮದುವೆ ಸಂಬಂಧಗಳು ಮೂರೂ ಕಡೆ. ತವರಿನಿಂದ ತಂದ ಬಳ್ಳಿಯ ತುಂಡಿನ ಜೊತೆ ತವರಿನ ಹೆಸರೂ ಬರುವುದು ಸಹಜ. ಹೀಗೆ ಗಡಿಯ ಈಚೆ ರಾಧಾಮನೋಹರಂ ಕೇಳಿಸುತ್ತದೆ, ಆಚೆ ಮಧುಮಾಲತಿ. ಬಳ್ಳಿಗೆ ಗೆರೆ ಗೊತ್ತಿಲ್ಲ.

ಭಾಲ್ಕಿಯವರಿಗೆ ಹೆಸರು ಮತ್ತು ಒಳಗಿನ ವಸ್ತು ಬೇರೆಯಾಗಿರುವುದು ಹೊಸ ಸಂಗತಿಯಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂಬುದು ಆ ಭಾಗದಲ್ಲಿ ಮನೆಮಾತು. ಅಲ್ಲಿ ಫಲಕದ ಹೆಸರು ಒಳಗಿನದನ್ನು ಕಾಪಾಡಿತು. ನಮ್ಮ ಬಳ್ಳಿಯ ವಿಷಯದಲ್ಲಿ ಆದದ್ದು ತಿರುಗುಮುರುಗು. ಮಾಲತಿಯ ಫಲಕ ರಂಗೂನಿನ ಗಿಡದ ಮೇಲೆ ಬಿತ್ತು. ಮಾಲತಿ ಎಂದಿದ್ದ ಜಾಜಿಯನ್ನು ಆ ಹೆಸರಿನಿಂದ ಗುರುತಿಸುವವರೇ ಕಡಿಮೆಯಾದರು.

ಇದು ಬರಿಯ ಹೆಸರಿನ ಚರ್ಚೆಯಲ್ಲ. ಹಳೆಯ ಕಟ್ಟಡಗಳ ಸುತ್ತ ಮತ್ತೆ ತೋಟ ಮಾಡಬೇಕೆಂಬ ಆಸೆ ಇಂದು ಎಲ್ಲ ಕಡೆ ಕಾಣುತ್ತಿದೆ, ಒಳ್ಳೆಯದೇ. ಅಲ್ಲಿ ‘ಮಧುಮಾಲತಿ’ ಎಂಬ ಹೆಸರನ್ನು ನಂಬಿ ನರ್ಸರಿಗೆ ಹೋದರೆ ಕೈಗೆ ಸಿಗುವುದು ರಂಗೂನ್ ಬಳ್ಳಿ. ಐದುನೂರು ವರ್ಷದ ಗೋಡೆಗೆ ಇನ್ನೂರು ವರ್ಷದ ಅತಿಥಿ. ಜೊತೆಗೆ ಆ ಬಳ್ಳಿ ಬಲಶಾಲಿ. ಕಾಂಡ ಮರದಷ್ಟು ಗಟ್ಟಿಯಾಗಿ ಗಾರೆಯ ಬಿರುಕಿಗೆ ಹೆಗಲು ಕೊಟ್ಟರೆ ಹೆಂಚು ಉದುರೀತು. ಕೋಟೆಯ ತೋಟಕ್ಕೆ, ಅಷ್ಟೂರಿನ ದಾರಿಗೆ ನನ್ನ ಮತ ಜಾಜಿ, ಮಲ್ಲಿಗೆ, ಸಂಪಿಗೆಗಳಿಗೆ. ಅಷ್ಟೂರಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಹ್ಮದ್ ಷಾನನ್ನು ಮುಸ್ಲಿಮರು ವಲಿಯೆಂದು, ಲಿಂಗಾಯತರು ಅಲ್ಲಮಪ್ರಭುವೆಂದು ಕಾಣುತ್ತಾರೆ. ಹಿಂದೂ ಪಂಚಾಂಗದ ತಿಥಿಯಂತೆ ನಡೆಯುವ ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಹೂ ಏರಿಸುತ್ತಾರೆ. ಆ ಕೈಗಳಿಗೆ ಹೊಂದುವ ಹೂ ಯಾವುದೆಂದು ಹೇಳಬೇಕಾಗಿಲ್ಲ.

ಹಾಗೆಂದು ಮನೆಯ ಮುಂದಿನ ಬಳ್ಳಿಯನ್ನು ಯಾರೂ ಕೀಳಬೇಕಾಗಿಲ್ಲ. ಭಾಲ್ಕಿ, ಔರಾದ್‌ಗಳ ಕಪ್ಪು ಎರೆ ಬೇಸಿಗೆಯಲ್ಲಿ ಬಾಯಿಬಿಟ್ಟಾಗಲೂ ಒಂದೆರಡು ಕೊಡ ನೀರಿಗೆ ಬದುಕಿಕೊಳ್ಳುವ ಬಳ್ಳಿ ಅದು, ಮಲ್ಲಿಗೆಯಷ್ಟು ಉಪಚಾರ ಕೇಳುವುದಿಲ್ಲ. ನೆಡುವುದಿದ್ದರೆ ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ದಪ್ಪದ ತುಂಡನ್ನು ನೆಡಿ. ಮೊದಲ ಕೆಲವು ತಿಂಗಳು ಪೊದೆಯಂತೆ ನಿಂತರೆ ಗಾಬರಿ ಬೇಡ, ರಂಫಿಯಸ್ ಕೇಳಿದ ಪ್ರಶ್ನೆ ಅದೇ. ಗೋಡೆಗೆ ಬಿಡದೆ ಕಬ್ಬಿಣದ ಕಮಾನಿಗೆ ಏರಿಸಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಕತ್ತರಿಸುವುದನ್ನು ಹೂವಿನ ಕಾಲ ಮುಗಿದ ಮೇಲೆ ಇಟ್ಟುಕೊಳ್ಳಿ. ಪಕ್ಕದಲ್ಲೇ ಒಂದು ಜಾಜಿಯ ಬಳ್ಳಿಗೂ ಜಾಗ ಬಿಟ್ಟರೆ ಎರಡೂ ವಾಸನೆಗಳ ವ್ಯತ್ಯಾಸವನ್ನು ಮನೆಯ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.